ಸದಸ್ಯತ್ವ ಪುಸ್ತಕದಿಂದ ಸಂಧಾನದ ಮೇಜಿಗೆ: ನಮ್ಮ ನರ್ಸ್‌ಗಳ ಸಂಘ

ನಾನು ಸ್ಟಾಫ್ ನರ್ಸ್ ಆಗಿ ಕೆಲಸ ಮಾಡುತ್ತಿರುವುದು ಟ್ರಸ್ಟ್ ನಡೆಸುವ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಅಲ್ಲಿನ ನರ್ಸ್‌ಗಳ ಅಸಮಾಧಾನ ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಕೆಲಸಕ್ಕೆ ಸೇರುವಾಗ ಬಾಂಡ್ ಬರೆಸಿಕೊಂಡು ಮೂಲ ಪ್ರಮಾಣಪತ್ರಗಳನ್ನು ಕಚೇರಿಯಲ್ಲೇ ಇರಿಸಿಕೊಳ್ಳುವುದು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೋದವರನ್ನು ಅದೇ ಮಧ್ಯಾಹ್ನ ಮತ್ತೆ ಕರೆಸುವುದು, ಒಬ್ಬರು ರಜೆ ಹಾಕಿದರೆ ಅವರ ರೋಗಿಗಳನ್ನೆಲ್ಲ ಪಕ್ಕದ ವಾರ್ಡಿನ ಸಿಸ್ಟರ್‌ಗೆ ವಹಿಸಿಬಿಡುವುದು, ಇವೆಲ್ಲ ವರ್ಷಗಳಿಂದ ನಡೆದುಬಂದ ಪದ್ಧತಿಗಳಾಗಿದ್ದವು. ಪ್ರತಿ ವರ್ಷ ಮೇ 12ರಂದು ದಾದಿಯರ ದಿನಾಚರಣೆಯಲ್ಲಿ ನಮ್ಮ ತ್ಯಾಗವನ್ನು ಹೊಗಳುತ್ತಿದ್ದ ಆಡಳಿತ ಮಂಡಳಿ, ಜೂನ್ ತಿಂಗಳಲ್ಲಿ ನಾವು ಕೊಡುತ್ತಿದ್ದ ಮನವಿಪತ್ರಗಳಿಗೆ ಉತ್ತರವನ್ನೇ ಬರೆಯುತ್ತಿರಲಿಲ್ಲ. ಉತ್ತರ ಬರೆಯಬೇಕಾದ ಬಾಧ್ಯತೆ ಅದಕ್ಕೆ ಇರಲಿಲ್ಲ ಎಂಬುದು ನಮಗೆ ಅರ್ಥವಾದದ್ದು ತಡವಾಗಿ. ಮನವಿಗೆ ಸಹಿ ಹಾಕಿದ ಹತ್ತಾರು ಜನ ಕಾನೂನಿನ ದೃಷ್ಟಿಯಲ್ಲಿ ಹತ್ತಾರು ಬಿಡಿ ವ್ಯಕ್ತಿಗಳೇ ಹೊರತು ಒಂದು ಪಕ್ಷವಾಗಿರಲಿಲ್ಲ.

ಸಂಘ ಕಟ್ಟುವ ಮಾತು ಬಂದಾಗ ಮೊದಲು ಎದುರಾದ ಪ್ರಶ್ನೆ, ನಮಗೆ ಈಗಾಗಲೇ ಒಂದು ಸಂಘವಿದೆಯಲ್ಲ ಎಂಬುದು. ನಮ್ಮಲ್ಲಿ ಕೆಲವರು 1908ರಲ್ಲಿ ಸ್ಥಾಪನೆಯಾದ ಭಾರತೀಯ ತರಬೇತಿ ಪಡೆದ ದಾದಿಯರ ಸಂಘದ ಸದಸ್ಯರಾಗಿದ್ದರು. ಅದು ವೃತ್ತಿಪರ ಸಂಘಟನೆ. ಶಿಕ್ಷಣ, ಸಮ್ಮೇಳನ, ವೃತ್ತಿಯ ಮಟ್ಟ, ನ್ಯಾಯಾಲಯದ ಮುಂದೆ ಇಡೀ ವೃತ್ತಿಯ ಪರವಾದ ವಾದ, ಇವು ಅದರ ಕೆಲಸಗಳು. ಆದರೆ ನಮ್ಮ ವಾರ್ಡಿನ ಪಾಳಿಯ ಬಗ್ಗೆ ನಮ್ಮ ಆಡಳಿತದ ಎದುರು ಕುಳಿತು ಒಪ್ಪಂದಕ್ಕೆ ಸಹಿ ಹಾಕುವುದು ಬೇರೆಯೇ ಕೆಲಸ, ಅದಕ್ಕೆ ಬೇಕಾದ ಕಾನೂನಿನ ರೂಪವೂ ಬೇರೆ. ಈ ಗೊಂದಲ ನಮ್ಮೊಬ್ಬರದಲ್ಲ ಎಂದು ತಿಳಿದಾಗ ಕೆಲವರಿಗೆ ಸಮಾಧಾನವಾಯಿತು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಹುಟ್ಟಿದ್ದು 1916ರಲ್ಲಿ, ಅದು ಕಾರ್ಮಿಕ ಸಂಘವಾಗಿ ನೋಂದಣಿ ಪಡೆದದ್ದು 1977ರಲ್ಲಿ. ವೃತ್ತಿಯ ಘನತೆಗೂ ಸಂಬಳದ ಚೌಕಾಸಿಗೂ ಒಂದೇ ಮನೆಯಲ್ಲಿ ಜಾಗ ಮಾಡಿಕೊಡಲು ಅವರಿಗೆ ಅರವತ್ತು ವರ್ಷ ಬೇಕಾದವು.

ಇನ್ನೊಂದು ಆಕ್ಷೇಪ ಹಿರಿಯರಿಂದ ಬಂದಿತು. ಆಸ್ಪತ್ರೆ ಕಾರ್ಖಾನೆಯಲ್ಲ, ನಾವು ಮಾಡುವುದು ಸೇವೆ, ಕಾರ್ಮಿಕ ಕಾಯ್ದೆಗಳು ನಮಗೆ ಹೇಗೆ ಅನ್ವಯವಾಗುತ್ತವೆ ಎಂದು ಅವರು ಕೇಳಿದರು. ಇದು ಭಾವನೆಯ ಮಾತಾಗಿದ್ದರೂ ಅದರ ಹಿಂದೆ ನಿಜವಾದ ಕಾನೂನಿನ ಇತಿಹಾಸವಿದೆ. ಸರ್ವೋಚ್ಚ ನ್ಯಾಯಾಲಯ 1960ರಲ್ಲಿ ಹಾಸ್ಪಿಟಲ್ ಮಜ್ದೂರ್ ಸಭಾ ಪ್ರಕರಣದಲ್ಲಿ ಆಸ್ಪತ್ರೆಯೂ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಉದ್ದಿಮೆಯೇ ಎಂದಿತು. 1970ರಲ್ಲಿ ಸಫ್ದರ್‌ಜಂಗ್ ಆಸ್ಪತ್ರೆಯ ಪ್ರಕರಣದಲ್ಲಿ ಆ ನಿಲುವಿನಿಂದ ಹಿಂದೆ ಸರಿಯಿತು. 1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಕರಣದಲ್ಲಿ ಏಳು ನ್ಯಾಯಾಧೀಶರ ಪೀಠ ಮತ್ತೆ ಆಸ್ಪತ್ರೆಗಳನ್ನು ಉದ್ದಿಮೆಯ ವ್ಯಾಪ್ತಿಯೊಳಗೆ ತಂದಿತು. ಆಮೇಲೆ ಆ ಕಾಯ್ದೆಗೆ 1982ರಲ್ಲಿ ತಂದ ತಿದ್ದುಪಡಿಯಲ್ಲಿ ಆಸ್ಪತ್ರೆಗಳನ್ನು ಹೊರಗಿಡುವ ವ್ಯಾಖ್ಯೆಯನ್ನು ಸಂಸತ್ತು ಅಂಗೀಕರಿಸಿತಾದರೂ ಆ ಭಾಗವನ್ನು ಸರ್ಕಾರ ಜಾರಿಗೆ ತರಲೇ ಇಲ್ಲ. ಹೀಗಾಗಿ ನಾವು ಸಂಘ ಕಟ್ಟಲು ಹೊರಟ ಕಾಲಕ್ಕೆ 1978ರ ತೀರ್ಪೇ ನಮ್ಮ ನೆಲೆಯಾಗಿತ್ತು. ಈ ವಿವರವನ್ನು ನಾನು ಒಂದು ಹಾಳೆಯಲ್ಲಿ ಬರೆದು ಹಂಚಿದ ಮೇಲೆ ಸೇವೆಯ ವಾದ ನಿಂತುಹೋಯಿತೆಂದೇನೂ ಅಲ್ಲ. ಆದರೆ ಅದು ನಮ್ಮ ಇಷ್ಟಾನಿಷ್ಟದ ವಿಷಯವಾಯಿತು, ಕಾನೂನಿನ ಅಡ್ಡಿಯಾಗಿ ಉಳಿಯಲಿಲ್ಲ.

ವಾರ್ಡ್ ಇನ್‌ಚಾರ್ಜ್‌ಗಳ ವಿಷಯ ಇದಕ್ಕಿಂತ ಸೂಕ್ಷ್ಮವಾಗಿತ್ತು. ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಮೇಲ್ವಿಚಾರಣೆಯ ಹುದ್ದೆಯಲ್ಲಿದ್ದು ತಿಂಗಳಿಗೆ 10,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವರು ಕಾರ್ಮಿಕರ ವ್ಯಾಖ್ಯೆಗೆ ಬರುತ್ತಿರಲಿಲ್ಲ. ಆಡಳಿತದವರು ಇನ್‌ಚಾರ್ಜ್ ಸಿಸ್ಟರ್‌ಗಳನ್ನು ಕರೆದು, ನೀವು ಮ್ಯಾನೇಜ್‌ಮೆಂಟಿನವರು, ನಿಮಗೆ ಯೂನಿಯನ್ನಿನಲ್ಲಿ ಜಾಗವಿಲ್ಲ ಎಂದು ಹೇಳಿದ್ದು ಇದನ್ನೇ ಹಿಡಿದು. ಆದರೆ ಹುದ್ದೆಯ ಹೆಸರಿಗಿಂತ ಮುಖ್ಯವಾಗಿ ಮಾಡುವ ಕೆಲಸ ಯಾವುದು ಎಂಬುದನ್ನು ನ್ಯಾಯಾಲಯಗಳು ನೋಡುತ್ತವೆ. ನಮ್ಮ ಇನ್‌ಚಾರ್ಜ್‌ಗಳು ರೋಸ್ಟರ್ ಬರೆಯುತ್ತಿದ್ದುದು ಅರ್ಧ ಗಂಟೆ. ಉಳಿದ ಹೊತ್ತೆಲ್ಲ ಅವರೂ ಡ್ರಿಪ್ ಹಾಕುತ್ತಿದ್ದರು, ಇಂಜೆಕ್ಷನ್ ಕೊಡುತ್ತಿದ್ದರು, ಹ್ಯಾಂಡ್‌ಓವರ್ ತೆಗೆದುಕೊಳ್ಳುತ್ತಿದ್ದರು. ಅದಕ್ಕೂ ಮಿಗಿಲಾಗಿ, 1926ರ ಕಾರ್ಮಿಕ ಸಂಘಗಳ ಕಾಯ್ದೆಯಲ್ಲಿದ್ದ ಕಾರ್ಮಿಕರ ವ್ಯಾಖ್ಯೆ ಹೆಚ್ಚು ವಿಶಾಲವಾಗಿತ್ತು. ಅದರಲ್ಲಿ ವೇತನದ ಮಿತಿಯಾಗಲಿ, ಮೇಲ್ವಿಚಾರಕರನ್ನು ಹೊರಗಿಡುವ ಮಾತಾಗಲಿ ಇರಲಿಲ್ಲ. ಆದ್ದರಿಂದ ಒಬ್ಬ ಇನ್‌ಚಾರ್ಜ್ ತನ್ನ ವೈಯಕ್ತಿಕ ವಿವಾದವನ್ನು ಕಾರ್ಮಿಕ ನ್ಯಾಯಾಲಯಕ್ಕೆ ಒಯ್ಯಬಹುದೇ ಎಂಬ ಪ್ರಶ್ನೆ ಬೇರೆ, ಆಕೆ ಸಂಘದ ಸದಸ್ಯೆಯಾಗಬಹುದೇ ಎಂಬ ಪ್ರಶ್ನೆ ಬೇರೆ. ಈ ವ್ಯತ್ಯಾಸವನ್ನು ನಮಗೆ ತೋರಿಸಿಕೊಟ್ಟವರು ಬೇರೊಂದು ಆಸ್ಪತ್ರೆಯಲ್ಲಿ ಸಂಘ ನಡೆಸಿ ನಿವೃತ್ತರಾಗಿದ್ದ ಒಬ್ಬ ಮೇಡಂ. ಅವರು ನಮಗೆ ಕೊನೆಯವರೆಗೂ ಸಲಹೆಗಾರರಾಗಿದ್ದರು.

ಸದಸ್ಯತ್ವ ಸಂಗ್ರಹ ಎಲ್ಲಕ್ಕಿಂತ ನಿಧಾನವಾಗಿ ಸಾಗಿದ ಕೆಲಸ. ಏಳು ಮಂದಿ ಸೇರಿದರೆ ನೋಂದಣಿಗೆ ಅರ್ಜಿ ಹಾಕಬಹುದು ಎಂದು ಹಲವರು ಇಂದಿಗೂ ತಿಳಿದಿದ್ದಾರೆ. 2001ರ ತಿದ್ದುಪಡಿಯ ನಂತರ ಅದು ಸಾಲದು. ಆ ಸಂಸ್ಥೆಯಲ್ಲಿ ಅಥವಾ ಉದ್ದಿಮೆಯಲ್ಲಿ ದುಡಿಯುವವರ ಶೇಕಡ 10ರಷ್ಟು ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಅರ್ಜಿಯ ದಿನದಂದು ಸದಸ್ಯರಾಗಿರಬೇಕು. ಕಾನೂನು ಕೇಳುವ ಕನಿಷ್ಠ ಸಂಖ್ಯೆಯನ್ನು ಮುಟ್ಟಿದೊಡನೆ ಅರ್ಜಿ ಹಾಕಿಬಿಡೋಣ ಎಂಬ ಆತುರ ಕಿರಿಯರಲ್ಲಿ ಇತ್ತು. ಮೇಡಂ ಒಪ್ಪಲಿಲ್ಲ. “ನೋಂದಣಿ ಕಚೇರಿಗೆ ತೋರಿಸೋಕೆ ಹತ್ತು ಪರ್ಸೆಂಟ್ ಸಾಕಮ್ಮ, ಮ್ಯಾನೇಜ್‌ಮೆಂಟಿಗೆ ತೋರಿಸೋಕೆ ಸಾಲದು” ಎಂದರು. ಅವರ ಮಾತಿನಲ್ಲಿ ಎಷ್ಟು ಹುರುಳಿತ್ತು ಎಂಬುದು ಸಂಧಾನದ ಮೇಜಿನಲ್ಲಿ ಗೊತ್ತಾಯಿತು.

ಮೂರು ಪಾಳಿಗಳಲ್ಲಿ ಚದುರಿಹೋದ ಜನರನ್ನು ಒಂದು ಕಡೆ ಸೇರಿಸುವುದು ಸಾಧ್ಯವಿರಲಿಲ್ಲ. ಕರ್ತವ್ಯದ ಅವಧಿಯಲ್ಲಿ, ರೋಗಿಗಳ ನಡುವೆ ಅರ್ಜಿ ತುಂಬಿಸಬಾರದು ಎಂದು ನಾವೇ ಕಟ್ಟುನಿಟ್ಟು ಮಾಡಿಕೊಂಡಿದ್ದೆವು, ಏಕೆಂದರೆ ಶಿಸ್ತುಕ್ರಮಕ್ಕೆ ಅದೊಂದು ನೆಪ ಸಾಕಾಗುತ್ತಿತ್ತು. ಹೀಗಾಗಿ ಹಾಸ್ಟೆಲಿನ ಕೋಣೆಗಳು, ಪಾಳಿ ಬದಲಾಗುವ ಹೊತ್ತಿನ ಬಸ್ ನಿಲ್ದಾಣ, ವಾರದ ರಜೆ ಇವೇ ನಮ್ಮ ಕಚೇರಿಗಳಾದವು. ಪ್ರತಿ ಅರ್ಜಿಯಲ್ಲಿ ಹೆಸರು, ಹುದ್ದೆ, ವಾರ್ಡ್, ನರ್ಸಿಂಗ್ ಪರಿಷತ್ತಿನ ನೋಂದಣಿ ಸಂಖ್ಯೆ, ಸಹಿ ಮತ್ತು ದಿನಾಂಕ ಇರಬೇಕೆಂದೂ ಚಂದಾ ಪಡೆದ ಕೂಡಲೇ ಸಂಖ್ಯೆ ಇರುವ ರಸೀದಿ ಕೊಡಬೇಕೆಂದೂ ನಿಗದಿ ಮಾಡಿದೆವು. ಸಹಿ ಮಾಡಿ ಚಂದಾ ಕೊಡದವರ ಹೆಸರನ್ನು ಪುಸ್ತಕದಲ್ಲಿ ಬರೆಯಲಿಲ್ಲ. ಇದರಿಂದ ನಮ್ಮ ಸಂಖ್ಯೆ ಕಡಿಮೆ ಕಂಡದ್ದು ನಿಜ. ಆದರೆ ಆ ಪುಸ್ತಕದ ಯಾವ ಸಾಲನ್ನೂ ಯಾರೂ ಮುಂದೆ ಪ್ರಶ್ನಿಸಲಾಗಲಿಲ್ಲ. ಹೆದರಿಕೆಯ ಬಗ್ಗೆ ಇಷ್ಟು ಹೇಳಬಹುದು: ಪ್ರಮಾಣಪತ್ರಗಳು ಕಚೇರಿಯಲ್ಲಿ ಸಿಕ್ಕಿಕೊಂಡಿದ್ದವರು ಎಲ್ಲರಿಗಿಂತ ಹೆಚ್ಚು ನೊಂದವರಾಗಿದ್ದರು, ಮತ್ತು ಅವರೇ ಎಲ್ಲರಿಗಿಂತ ಕೊನೆಯಲ್ಲಿ ಸಹಿ ಹಾಕಿದರು.

ಇನ್ನು ನಿಯಮಾವಳಿ. ಬೇರೆ ಯಾವುದೋ ಸಂಘದ ನಿಯಮಾವಳಿಯನ್ನು ನಕಲು ಮಾಡಿ ಹೆಸರು ಬದಲಾಯಿಸಿ ಕೊಡುವುದು ಸಾಮಾನ್ಯ ರೂಢಿ. ಕಾರ್ಮಿಕ ಸಂಘಗಳ ಕಾಯ್ದೆಯ 6ನೇ ಕಲಂ ಏನೇನು ಇರಬೇಕು ಎಂಬ ಪಟ್ಟಿಯನ್ನು ಕೊಡುತ್ತಿತ್ತು: ಸಂಘದ ಹೆಸರು, ಉದ್ದೇಶಗಳು, ಸಾಮಾನ್ಯ ನಿಧಿಯನ್ನು ಯಾವುದಕ್ಕೆ ಖರ್ಚು ಮಾಡಬಹುದು, ಸದಸ್ಯರ ಪಟ್ಟಿಯ ನಿರ್ವಹಣೆ, ಕನಿಷ್ಠ ಚಂದಾ, ಪದಾಧಿಕಾರಿಗಳ ನೇಮಕ ಮತ್ತು ಪದಚ್ಯುತಿ, ವಾರ್ಷಿಕ ಲೆಕ್ಕ ಪರಿಶೋಧನೆ, ವಿಸರ್ಜನೆಯ ವಿಧಾನ ಇತ್ಯಾದಿ. ಪಟ್ಟಿಯನ್ನು ಪೂರೈಸಿದರೆ ನೋಂದಣಿ ಸಿಗುತ್ತಿತ್ತು. ಆದರೆ ನರ್ಸ್‌ಗಳ ಸಂಘ ಬದುಕುವುದು ಅಥವಾ ಸಾಯುವುದು ಆ ಪಟ್ಟಿಯಲ್ಲಿ ಇಲ್ಲದ ವಿಷಯಗಳಿಂದ ಎಂಬುದು ನನ್ನ ಅಭಿಪ್ರಾಯ, ಮತ್ತು ನಾವು ಹೆಚ್ಚು ಹೊತ್ತು ಜಗಳವಾಡಿದ್ದು ಅವುಗಳ ಮೇಲೆಯೇ.

ಉದಾಹರಣೆಗೆ ಕೋರಂ. ಸಭೆಗೆ ಸದಸ್ಯರ ಮೂರನೇ ಒಂದು ಭಾಗ ಹಾಜರಿರಬೇಕು ಎಂದು ಬರೆದರೆ ಮೂರು ಪಾಳಿಗಳ ಆಸ್ಪತ್ರೆಯಲ್ಲಿ ಯಾವ ಸಭೆಯೂ ನಡೆಯುವುದಿಲ್ಲ. ಕೋರಂ ತೀರಾ ಕಡಿಮೆ ಇಟ್ಟರೆ ಹಗಲು ಪಾಳಿಯ ಕೆಲವರು ಸೇರಿ ರಾತ್ರಿ ಪಾಳಿಯವರ ಬದುಕನ್ನು ತೀರ್ಮಾನಿಸಿಬಿಡುತ್ತಾರೆ. ಕೊನೆಗೆ ಒಂದೇ ವಿಷಯಸೂಚಿಯ ಸಭೆಯನ್ನು ಬೇರೆಬೇರೆ ಪಾಳಿಗಳಿಗೆ ಹೊಂದುವಂತೆ ಎರಡು ಹೊತ್ತು ನಡೆಸಿ, ಎರಡೂ ಕಡೆಯ ಹಾಜರಿ ಮತ್ತು ಮತಗಳನ್ನು ಕೂಡಿಸಿ ಲೆಕ್ಕ ಹಾಕುವ ನಿಯಮವನ್ನು ಬರೆದೆವು. ಕಾರ್ಯಕಾರಿ ಸಮಿತಿಗೆ ಇಡೀ ಆಸ್ಪತ್ರೆಯಿಂದ ಒಟ್ಟಾಗಿ ಚುನಾವಣೆ ನಡೆಸಿದರೆ ಜನ ಹೆಚ್ಚಿರುವ ಜನರಲ್ ವಾರ್ಡ್‌ಗಳೇ ಎಲ್ಲ ಸ್ಥಾನಗಳನ್ನು ಪಡೆಯುತ್ತವೆ. ಆದ್ದರಿಂದ ತೀವ್ರ ನಿಗಾ ಘಟಕ, ಶಸ್ತ್ರಚಿಕಿತ್ಸಾ ವಿಭಾಗ, ಡಯಾಲಿಸಿಸ್, ಹೆರಿಗೆ ವಿಭಾಗ ಇವುಗಳಿಗೆ ಪ್ರತ್ಯೇಕ ಪ್ರತಿನಿಧಿಗಳಿರಬೇಕೆಂದು ನಿಗದಿ ಮಾಡಿದೆವು.

ಹೆರಿಗೆ ವಿಭಾಗದ ನರ್ಸ್‌ಗಳು ಒಂದು ಹೆಜ್ಜೆ ಮುಂದೆ ಹೋದರು. ನಮ್ಮಲ್ಲಿ ಬಹುತೇಕರು ನರ್ಸ್ ಮತ್ತು ಮಿಡ್‌ವೈಫ್ ಎಂದು ಎರಡು ನೋಂದಣಿಗಳನ್ನು ಪಡೆದವರೇ. ಆದರೆ ಆ ಎರಡನೆಯ ಅರ್ಹತೆಯನ್ನು ದಿನನಿತ್ಯ ಬಳಸುವವರು ಹೆರಿಗೆ ಕೊಠಡಿಯವರು ಮಾತ್ರ. ನೋವು ಆರಂಭವಾದ ತಾಯಿಯನ್ನು ಗಂಟೆಗಟ್ಟಲೆ ಗಮನಿಸಿ, ಹೆರಿಗೆಯ ಪ್ರಗತಿಯ ನಕ್ಷೆಯಾದ ಪಾರ್ಟೋಗ್ರಾಫ್ ಬರೆದು, ಮಗುವಿನ ಹೃದಯ ಬಡಿತ ಕೇಳಿ, ಸಹಜ ಹೆರಿಗೆಯನ್ನು ಬಹುಮಟ್ಟಿಗೆ ತಾವೇ ಮಾಡಿಸುವವರು ಅವರು. ಕೇಸ್ ಷೀಟಿನಲ್ಲಿ ಹೆಸರು ಬರುವುದು ಕೊನೆಯ ಹೊತ್ತಿಗೆ ಬಂದ ವೈದ್ಯರದು. ಏನಾದರೂ ಹೆಚ್ಚುಕಡಿಮೆಯಾದರೆ ವಿವರಣೆ ಕೇಳಿ ನೋಟಿಸ್ ಬರುವುದು ಸಿಸ್ಟರ್‌ಗೆ. ಅವರ ಬೇಡಿಕೆ ಸಂಬಳಕ್ಕಿಂತ ಮುಂಚೆ ಒಂದು ರಕ್ಷಣೆಯದಾಗಿತ್ತು: ಯಾವುದೇ ಘಟನೆಯ ವಿಚಾರಣೆಯಲ್ಲಿ ಸಂಘದ ಪ್ರತಿನಿಧಿ ಜೊತೆಗಿರಬೇಕು, ಆ ಪಾಳಿಯಲ್ಲಿ ಎಷ್ಟು ತಾಯಂದಿರಿಗೆ ಎಷ್ಟು ಸಿಬ್ಬಂದಿ ಇದ್ದರು ಎಂಬುದು ವಿಚಾರಣೆಯ ದಾಖಲೆಗೆ ಸೇರಬೇಕು. ಜನರಲ್ ವಾರ್ಡಿನವರಿಗೆ ಇದು ಅವರ ಪಾಡು ಎಂಬಂತೆ ಕಂಡಿತ್ತು. ಸಂಘದ ಹೆಸರಿನಲ್ಲಿ ಮಿಡ್‌ವೈಫ್‌ಗಳ ಹೆಸರೂ ಇರಬೇಕೇ ಎಂಬ ಚರ್ಚೆ ನಡೆದು, ಇರಬೇಕೆಂದು ತೀರ್ಮಾನವಾದದ್ದು ಈ ಹಿನ್ನೆಲೆಯಲ್ಲಿ. ಸದಸ್ಯರ ಕಾನೂನು ರಕ್ಷಣೆಗೆ ಸಾಮಾನ್ಯ ನಿಧಿಯನ್ನು ಬಳಸಲು ಕಾರ್ಮಿಕ ಸಂಘಗಳ ಕಾಯ್ದೆಯ 15ನೇ ಕಲಂ ಅವಕಾಶ ಕೊಡುತ್ತಿತ್ತು. ನಮ್ಮ ಚಂದಾದ ಒಂದು ಪಾಲನ್ನು ಅದಕ್ಕೆಂದೇ ತೆಗೆದಿಡುವ ನಿಯಮವನ್ನು ಬರೆಸಿಕೊಂಡವರು ಹೆರಿಗೆ ವಿಭಾಗದವರೇ. ಈಚೆಗೆ ಆ ನಿಧಿಯ ನೆರವು ಪಡೆದವರಲ್ಲಿ ಜನರಲ್ ವಾರ್ಡಿನವರೇ ಹೆಚ್ಚು.

ಹೊರಗಿನವರು ಪದಾಧಿಕಾರಿಗಳಾಗುವ ಬಗ್ಗೆಯೂ ಭಿನ್ನಾಭಿಪ್ರಾಯವಿತ್ತು. ಸಂಘಟಿತ ವಲಯದ ಸಂಘಗಳಲ್ಲಿ ಒಟ್ಟು ಪದಾಧಿಕಾರಿಗಳ ಮೂರನೇ ಒಂದು ಭಾಗ ಅಥವಾ ಐದು ಮಂದಿ, ಯಾವುದು ಕಡಿಮೆಯೋ ಅಷ್ಟು ಮಾತ್ರ ಹೊರಗಿನವರಿರಬಹುದು. ನಿವೃತ್ತ ನೌಕರರನ್ನು ಹೊರಗಿನವರೆಂದು ಪರಿಗಣಿಸುವಂತಿಲ್ಲ. ಒಂದು ದೊಡ್ಡ ಕಾರ್ಮಿಕ ಒಕ್ಕೂಟದ ಮುಖಂಡರೊಬ್ಬರು ಅಧ್ಯಕ್ಷರಾಗಲು ಸಿದ್ಧರಿದ್ದರು, ಅವರ ಅನುಭವವೂ ದೊಡ್ಡದು. ನಾವು ಅವರ ಸಲಹೆ ಪಡೆದೆವು, ಅಧ್ಯಕ್ಷ ಸ್ಥಾನವನ್ನು ಮಾತ್ರ ನಮ್ಮ ನಿವೃತ್ತ ಸಹೋದ್ಯೋಗಿಯೊಬ್ಬರಿಗೆ ಕೊಟ್ಟೆವು. ಪ್ರತ್ಯೇಕ ರಾಜಕೀಯ ನಿಧಿಯನ್ನು ಸ್ಥಾಪಿಸಲು 16ನೇ ಕಲಂ ಕೊಡುತ್ತಿದ್ದ ಅವಕಾಶವನ್ನು ಬಳಸಲಿಲ್ಲ. ನಮ್ಮ ಸದಸ್ಯರಲ್ಲಿ ಎಲ್ಲ ಪಕ್ಷಗಳ ಮನೆಯವರೂ ಇದ್ದುದರಿಂದ ಅದು ಸಂಘವನ್ನು ಕಟ್ಟುವ ಮೊದಲೇ ಒಡೆಯುತ್ತಿತ್ತು.

ಅರ್ಜಿ ಸಲ್ಲಿಕೆಯ ಬಗ್ಗೆ ಹೇಳಲು ಹೆಚ್ಚೇನಿಲ್ಲ. ನಿಗದಿತ ನಮೂನೆ, ಅರ್ಜಿದಾರರ ಹೆಸರು, ವಯಸ್ಸು, ಉದ್ಯೋಗ ಮತ್ತು ವಿಳಾಸ, ಪದಾಧಿಕಾರಿಗಳ ವಿವರ, ನಿಯಮಾವಳಿಯ ಪ್ರತಿ, ಸಂಘ ಸ್ಥಾಪನೆಯ ಸಭೆಯ ನಡಾವಳಿ, ಶುಲ್ಕ. ನೋಂದಣಾಧಿಕಾರಿಯ ಕಚೇರಿಯಿಂದ ಹೆಚ್ಚಿನ ವಿವರ ಕೇಳಿ ಪತ್ರ ಬಂದಿತು. ಪಾಳಿಗಳ ಪ್ರಕಾರ ಎರಡು ಹೊತ್ತಿನ ಸಭೆ ನಡೆಸುವ ನಿಯಮ ಅವರಿಗೆ ಹೊಸದಾಗಿ ಕಂಡಿತ್ತು. ಲಿಖಿತ ವಿವರಣೆ ಕೊಟ್ಟ ಮೇಲೆ ಒಪ್ಪಿಕೊಂಡರು. ಪ್ರಮಾಣಪತ್ರ ಕೈಗೆ ಬಂದಾಗ ಸಂಘ ತನ್ನದೇ ಹೆಸರಿನಲ್ಲಿ ಆಸ್ತಿ ಹೊಂದಬಲ್ಲ, ದಾವೆ ಹೂಡಬಲ್ಲ ಕಾನೂನುಬದ್ಧ ಸಂಸ್ಥೆಯಾಯಿತು. ಕಾರ್ಮಿಕ ವಿವಾದದ ಕ್ರಮಗಳಿಗಾಗಿ ಒಳಸಂಚಿನ ಮೊಕದ್ದಮೆ ಮತ್ತು ಕೆಲವು ಸಿವಿಲ್ ದಾವೆಗಳಿಂದ 17 ಮತ್ತು 18ನೇ ಕಲಂಗಳು ಕೊಡುತ್ತಿದ್ದ ರಕ್ಷಣೆ ನಮ್ಮದಾಯಿತು.

ಆದರೆ ಆ ಪ್ರಮಾಣಪತ್ರ ಆಡಳಿತ ಮಂಡಳಿಯನ್ನು ನಮ್ಮೊಡನೆ ಮಾತಿಗೆ ಕೂರುವಂತೆ ಮಾಡುವುದಿಲ್ಲ ಎಂಬುದನ್ನು ಬಹಳ ಸದಸ್ಯರು ನಂಬಲೇ ಇಲ್ಲ. ನೋಂದಣಿಯೇ ಬೇರೆ, ಮಾನ್ಯತೆಯೇ ಬೇರೆ. ಕಾರ್ಮಿಕ ಸಂಘಗಳಿಗೆ ಕಡ್ಡಾಯ ಮಾನ್ಯತೆ ಕೊಡಿಸುವ ತಿದ್ದುಪಡಿಯೊಂದು 1947ರಲ್ಲಿಯೇ ಅಂಗೀಕಾರವಾಗಿತ್ತು, ಜಾರಿಗೆ ಬರಲಿಲ್ಲ. 1958ರ ಕೈಗಾರಿಕಾ ಶಿಸ್ತು ಸಂಹಿತೆ ಸ್ವಯಂಪ್ರೇರಿತ ಒಪ್ಪಂದ ಮಾತ್ರ. ನಮ್ಮ ಪತ್ರಕ್ಕೆ ಆಡಳಿತ ಕೊಟ್ಟ ಮೊದಲ ಉತ್ತರ ಮಾತುಕತೆಯ ಆಹ್ವಾನವಾಗಿರಲಿಲ್ಲ, ವರ್ಗಾವಣೆಗಳಾಗಿದ್ದವು: ಸಮಿತಿಯ ಕೆಲವು ಸದಸ್ಯರನ್ನು ಅವರು ವರ್ಷಗಳಿಂದ ಕೆಲಸ ಮಾಡಿದ್ದ ವಿಭಾಗಗಳಿಂದ ಕಿತ್ತು ಹೊರರೋಗಿ ವಿಭಾಗದ ನೋಂದಣಿ ಕೌಂಟರಿಗೆ ಹಾಕಿದರು. ಕೈಗಾರಿಕಾ ವಿವಾದ ಕಾಯ್ದೆಯ ಐದನೇ ಅನುಸೂಚಿ ಸಂಘ ಸೇರಿದ್ದಕ್ಕಾಗಿ ಬೆದರಿಸುವುದನ್ನೂ, ಆಡಳಿತದ ನೀತಿಯ ಸೋಗಿನಲ್ಲಿ ದುರುದ್ದೇಶದಿಂದ ವರ್ಗಾಯಿಸುವುದನ್ನೂ ಅನುಚಿತ ಕಾರ್ಮಿಕ ಪದ್ಧತಿಗಳೆಂದು ಹೆಸರಿಸಿತ್ತು. ನಾವು ಘೋಷಣೆ ಕೂಗಲಿಲ್ಲ. ಹಿಂದಿನ ರೋಸ್ಟರುಗಳ ಪ್ರತಿಗಳನ್ನು ಲಗತ್ತಿಸಿ ಕಾರ್ಮಿಕ ಇಲಾಖೆಗೆ ದೂರು ಕೊಟ್ಟೆವು, ಮತ್ತು ಸಂರಕ್ಷಿತ ಕಾರ್ಮಿಕರೆಂದು ಪರಿಗಣಿಸಬೇಕಾದ ಪದಾಧಿಕಾರಿಗಳ ಹೆಸರುಗಳನ್ನು ಆಡಳಿತಕ್ಕೆ ಬರೆದು ತಿಳಿಸಿದೆವು. ಒಟ್ಟು ಕಾರ್ಮಿಕರ ಶೇಕಡ 1ರಷ್ಟು, ಆದರೆ ಐದಕ್ಕೆ ಕಡಿಮೆಯಿಲ್ಲದೆ, ಅಂಥವರಿರಬಹುದು. ವಿವಾದವೊಂದು ಬಾಕಿ ಇರುವಾಗ ಅವರನ್ನು ಅನುಮತಿಯಿಲ್ಲದೆ ವಜಾ ಮಾಡುವಂತಿಲ್ಲ, ಸೇವಾ ಷರತ್ತುಗಳನ್ನು ಅವರಿಗೆ ಹಾನಿಯಾಗುವಂತೆ ಬದಲಿಸುವಂತಿಲ್ಲ.

ಬೇಡಿಕೆ ಪಟ್ಟಿಯ ಸಂಬಳದ ಭಾಗವನ್ನು ಬರೆಯಲು ನಮಗೆ ಒಂದು ಅಧಿಕೃತ ಆಧಾರ ಸಿಕ್ಕಿತ್ತು. ನಾನು ಮೊದಲು ಹೇಳಿದ ದಾದಿಯರ ಸಂಘ ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2016ರ ಜನವರಿ 29ರಂದು ನೀಡಿದ ಆದೇಶದಂತೆ ಕೇಂದ್ರ ಸರ್ಕಾರ ತಜ್ಞರ ಸಮಿತಿಯೊಂದನ್ನು ರಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್‌ಗಳ ವೇತನ ಅದೇ ದರ್ಜೆಯ ರಾಜ್ಯ ಸರ್ಕಾರಿ ನರ್ಸ್‌ಗಳ ವೇತನಕ್ಕೆ ಸಮನಾಗಿರಬೇಕು. 100ಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ಅದಕ್ಕಿಂತ ಶೇಕಡ 10ಕ್ಕೂ ಹೆಚ್ಚು ಕಡಿಮೆ ಇರಬಾರದು, 50ರಿಂದ 100 ಹಾಸಿಗೆಗಳಿದ್ದರೆ ಶೇಕಡ 25ಕ್ಕಿಂತ ಹೆಚ್ಚು ಕಡಿಮೆ ಇರಬಾರದು. 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದರೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದು ಅದು ಶಿಫಾರಸು ಮಾಡಿತು. ರಜೆ, ಕೆಲಸದ ಅವಧಿ, ವೈದ್ಯಕೀಯ ಸೌಲಭ್ಯ, ಸಾರಿಗೆ ಮತ್ತು ವಸತಿ ಸರ್ಕಾರಿ ನರ್ಸ್‌ಗಳಿಗೆ ಇರುವಂತೆಯೇ ಇರಬೇಕೆಂದೂ ಹೇಳಿತು. ಇದು ಶಿಫಾರಸು, ಕಾಯ್ದೆಯಲ್ಲ. ಅದನ್ನು ಜಾರಿ ಮಾಡಿಸುವ ಹೊಣೆ ರಾಜ್ಯಗಳ ಮೇಲೆ ಬಿದ್ದಿದ್ದರಿಂದ ಹಲವು ಆಸ್ಪತ್ರೆಗಳಲ್ಲಿ ಅದು ಕಾಗದದಲ್ಲೇ ಉಳಿದಿದೆ. ಆದರೆ ವೃತ್ತಿಪರ ಸಂಘಟನೆ ನ್ಯಾಯಾಲಯದಲ್ಲಿ ಪಡೆದದ್ದನ್ನು ಕಾರ್ಮಿಕ ಸಂಘ ಮೇಜಿನ ಮೇಲೆ ಇಟ್ಟು ಕೇಳಲು ಸಾಧ್ಯವಾದದ್ದು ಇಲ್ಲಿಯೇ, ಮತ್ತು ಎರಡು ಸಂಘಗಳೇಕೆ ಎಂದು ಕೇಳಿದ್ದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿ ಇರಲಿಲ್ಲ. ಸಂಬಳದ ಜೊತೆಗೆ ಪ್ರಮಾಣಪತ್ರಗಳ ವಾಪಸಾತಿ, ರಾತ್ರಿ ಪಾಳಿಯ ನಂತರ ಕಡ್ಡಾಯ ವಿಶ್ರಾಂತಿ, ವಿಚಾರಣೆಯಲ್ಲಿ ಪ್ರತಿನಿಧಿ, ಮತ್ತು ಶಿಶುಪಾಲನಾ ಕೊಠಡಿಯ ಬೇಡಿಕೆಗಳಿದ್ದವು. ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೊಠಡಿ ಒದಗಿಸಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಹೇಳಿತ್ತು. ದಿನಕ್ಕೆ ಹಲವು ಮಕ್ಕಳನ್ನು ಕೈಯಲ್ಲಿ ಎತ್ತಿಕೊಳ್ಳುವವರಿಗೆ ತಮ್ಮ ಮಗುವನ್ನು ಇರಿಸಲು ಜಾಗವಿರಲಿಲ್ಲ.

ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಕಚೇರಿಯ ಸಭೆಗಳು ನಾನು ಊಹಿಸಿದ್ದಕ್ಕಿಂತ ಬೇರೆ ರೀತಿ ಇದ್ದವು. ಅಧಿಕಾರಿಗೆ ತೀರ್ಪು ಕೊಡುವ ಅಧಿಕಾರವಿರಲಿಲ್ಲ. ಇಬ್ಬರನ್ನೂ ಕೂರಿಸಿ ಒಪ್ಪಂದಕ್ಕೆ ತರುವುದು, ಸಾಧ್ಯವಾಗದಿದ್ದರೆ ಸರ್ಕಾರಕ್ಕೆ ವರದಿ ಕಳುಹಿಸುವುದು, ಇಷ್ಟೇ ಅವರ ಕೆಲಸ. ಮೊದಮೊದಲು ಆಡಳಿತದ ಪರವಾಗಿ ಬಂದವರಿಗೆ ಯಾವ ನಿರ್ಧಾರ ತೆಗೆದುಕೊಳ್ಳುವ ಅಧಿಕಾರವೂ ಇರಲಿಲ್ಲ. ಸಮಯ ಕೇಳುವುದಷ್ಟೇ ಅವರ ಕೆಲಸವಾಗಿತ್ತು. ಮುಂದಿನ ಸಭೆಯಲ್ಲಿ ಅವರು, ಈ ಸಂಘ ಬೆರಳೆಣಿಕೆಯ ಜನರದು, ಬಹುಪಾಲು ನರ್ಸ್‌ಗಳು ತೃಪ್ತರಾಗಿದ್ದಾರೆ ಎಂದು ಲಿಖಿತ ಹೇಳಿಕೆ ಕೊಟ್ಟರು. ಆಗ ಸದಸ್ಯತ್ವ ಪುಸ್ತಕವನ್ನೂ ರಸೀದಿ ಪುಸ್ತಕಗಳ ಪ್ರತಿಗಳನ್ನೂ ಅಧಿಕಾರಿಯ ಮುಂದೆ ಇಟ್ಟೆವು. ಪ್ರತಿ ಹೆಸರಿಗೂ ಒಂದು ರಸೀದಿ ಸಂಖ್ಯೆ, ಪ್ರತಿ ರಸೀದಿಗೂ ಬ್ಯಾಂಕ್ ಖಾತೆಯಲ್ಲಿ ಒಂದು ಜಮೆ. ಅಧಿಕಾರಿ ಕೆಲವು ಪುಟಗಳನ್ನು ತಿರುವಿ, ಯಾವ ಟೀಕೆಯನ್ನೂ ಮಾಡದೆ, ಆಡಳಿತದ ಪ್ರತಿನಿಧಿಯನ್ನು ನೋಡಿ, “ಮುಂದಿನ ಸಲ ನಿರ್ಧಾರ ತಗೊಳ್ಳೋರು ಬರ್ಲಿ” ಎಂದರು. ಬಂದರು.

ಮುಷ್ಕರದ ಪ್ರಶ್ನೆ ನಮ್ಮೊಳಗೆ ಎದ್ದದ್ದು ಮಾತುಕತೆ ಸಂಬಳದ ವಿಷಯದಲ್ಲಿ ನಿಂತುಹೋದಾಗ. ಆಸ್ಪತ್ರೆಯ ಸೇವೆ ಸಾರ್ವಜನಿಕ ಉಪಯುಕ್ತ ಸೇವೆ ಎಂದು ಸರ್ಕಾರ ಘೋಷಿಸಬಹುದಾದ ಉದ್ದಿಮೆಗಳ ಪಟ್ಟಿಯಲ್ಲಿತ್ತು. ಅಂಥ ಘೋಷಣೆ ಜಾರಿಯಲ್ಲಿದ್ದಾಗ ಮುಷ್ಕರಕ್ಕೆ ಮುಂಚಿನ ಆರು ವಾರಗಳೊಳಗೆ ಲಿಖಿತ ನೋಟಿಸ್ ಕೊಡದೆ, ನೋಟಿಸ್ ಕೊಟ್ಟ 14 ದಿನಗಳೊಳಗೆ, ಅಥವಾ ಸಂಧಾನ ನಡೆಯುತ್ತಿರುವಾಗ ಮತ್ತು ಅದು ಮುಗಿದ ಏಳು ದಿನಗಳವರೆಗೆ ಮುಷ್ಕರ ಮಾಡುವಂತಿರಲಿಲ್ಲ. ಕೆಲವರು ಇದನ್ನು ಕೈಕಟ್ಟುವ ನಿಯಮವೆಂದು ದೂರಿದರು. ನನಗೆ ಹಾಗೆ ಅನ್ನಿಸಲಿಲ್ಲ, ಏಕೆಂದರೆ ಅದೇ ಘೋಷಣೆಯ ಅಡಿಯಲ್ಲಿ ಮುಷ್ಕರದ ನೋಟಿಸ್ ಬಂದರೆ ಸಂಧಾನ ನಡೆಸುವುದು ಅಧಿಕಾರಿಗೆ ಕಡ್ಡಾಯವಾಗುತ್ತಿತ್ತು, ಸಂಧಾನ ನಡೆಯುತ್ತಿರುವಷ್ಟು ಕಾಲ ಆಡಳಿತವೂ ವಿವಾದಿತ ಸೇವಾ ಷರತ್ತುಗಳನ್ನು ಬದಲಿಸುವಂತಿರಲಿಲ್ಲ. ನರ್ಸ್‌ಗಳ ಮಟ್ಟಿಗೆ ಆ ನೋಟಿಸ್‌ನ ಬೆಲೆ ಕೆಲಸ ನಿಲ್ಲಿಸುವುದಕ್ಕಿಂತ ಈ ಎರಡು ಅನುಕೂಲಗಳಲ್ಲಿ ಹೆಚ್ಚು ಇತ್ತು.

ಆದರೂ ಒಂದು ವೇಳೆ ಕೆಲಸ ನಿಲ್ಲಿಸಬೇಕಾಗಿ ಬಂದರೆ ಯಾರು ನಿಲ್ಲಿಸುವುದು, ಯಾರು ನಿಲ್ಲಿಸಬಾರದು ಎಂಬುದನ್ನು ಮೊದಲೇ ಬರೆದಿಡಬೇಕಿತ್ತು. 2014ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಮಿಡ್‌ವೈಫ್‌ಗಳ ರಾಯಲ್ ಕಾಲೇಜ್ ತನ್ನ 133 ವರ್ಷಗಳ ಇತಿಹಾಸದಲ್ಲಿ ಮೊದಲ ಬಾರಿಗೆ ಮುಷ್ಕರ ಮಾಡಿದ್ದು ನಾಲ್ಕು ಗಂಟೆಗಳ ಕಾಲ, ಹೆರಿಗೆಯಲ್ಲಿರುವ ತಾಯಂದಿರ ಆರೈಕೆಗೆ ತೊಂದರೆಯಾಗದಂತೆ. 2022ರ ಡಿಸೆಂಬರಿನಲ್ಲಿ ಅಲ್ಲಿನ ನರ್ಸ್‌ಗಳು ಮುಷ್ಕರಕ್ಕೆ ಇಳಿದಾಗಲೂ ತುರ್ತು ಸೇವೆಗಳಿಗೆ ವಿನಾಯಿತಿ ಇತ್ತು. ಈ ಮಾದರಿಗಳನ್ನು ಮುಂದಿಟ್ಟುಕೊಂಡು ನಮ್ಮ ಸಮಿತಿ ವಿಭಾಗವಾರು ಪಟ್ಟಿ ಮಾಡಿತು. ತೀವ್ರ ನಿಗಾ ಘಟಕ, ಹೆರಿಗೆ ಕೊಠಡಿ, ನವಜಾತ ಶಿಶು ಘಟಕ, ತುರ್ತು ಚಿಕಿತ್ಸೆ ಮತ್ತು ಡಯಾಲಿಸಿಸ್ ಪೂರ್ಣ ಸಿಬ್ಬಂದಿಯೊಂದಿಗೆ ನಡೆಯಬೇಕು. ಪೂರ್ವನಿಗದಿತ ಶಸ್ತ್ರಚಿಕಿತ್ಸೆಗಳು ಮತ್ತು ಹೊರರೋಗಿ ವಿಭಾಗದಲ್ಲಿ ಮಾತ್ರ ಕೆಲಸ ನಿಲ್ಲಬೇಕು. ಪಟ್ಟಿ ಸಿದ್ಧವಾದ ಮೇಲೆ ಒಂದು ಕಹಿ ಸಂಗತಿ ಕಣ್ಣಿಗೆ ಬಿತ್ತು: ಮುಷ್ಕರದ ದಿನಕ್ಕೆ ನಾವು ಕನಿಷ್ಠವೆಂದು ಬರೆದ ಸಿಬ್ಬಂದಿಯ ಸಂಖ್ಯೆ, ಆಡಳಿತ ಸಾಮಾನ್ಯ ದಿನಗಳಲ್ಲಿ ಕೊಡುತ್ತಿದ್ದ ಸಂಖ್ಯೆಗಿಂತ ಎರಡು ವಿಭಾಗಗಳಲ್ಲಿ ಹೆಚ್ಚಾಗಿತ್ತು. ಆ ಹಾಳೆಯನ್ನು ಸಂಧಾನದ ಸಭೆಯಲ್ಲಿ ಕೊಟ್ಟೆವು. ನಮ್ಮ ಎಲ್ಲ ವಾದಗಳಿಗಿಂತ ಹೆಚ್ಚು ಕೆಲಸ ಮಾಡಿದ್ದು ಅದೇ ಎಂದು ನಾನು ಈಗಲೂ ನಂಬಿದ್ದೇನೆ.

ಮುಷ್ಕರ ನಡೆಯಲಿಲ್ಲ. ಸಂಧಾನಾಧಿಕಾರಿಯ ಮುಂದೆ ಆದ ಒಪ್ಪಂದಕ್ಕೆ, ಎಂದರೆ ಕೈಗಾರಿಕಾ ವಿವಾದ ಕಾಯ್ದೆಯ 12(3)ನೇ ಕಲಂ ಅಡಿಯ ಒಪ್ಪಂದಕ್ಕೆ, ಒಂದು ವಿಶೇಷ ಬಲವಿತ್ತು: ಅದು ಸಂಘದ ಸದಸ್ಯರಿಗೆ ಮಾತ್ರವಲ್ಲದೆ ಆ ಸಂಸ್ಥೆಯ ಎಲ್ಲ ಕಾರ್ಮಿಕರಿಗೂ, ಮುಂದೆ ಸೇರುವವರಿಗೂ ಅನ್ವಯಿಸುತ್ತಿತ್ತು. ಚಂದಾ ಕೊಡದವರಿಗೂ ಸಂಬಳ ಹೆಚ್ಚಿತಲ್ಲ ಎಂದು ನಮ್ಮವರೇ ಕೆಲವರು ಸಿಟ್ಟಾದರು. ನಮಗೆ ದೊರೆತದ್ದು ಪ್ರಮಾಣಪತ್ರಗಳ ವಾಪಸಾತಿ, ರಾತ್ರಿ ಪಾಳಿಯ ನಂತರದ ವಿಶ್ರಾಂತಿ, ವಿಚಾರಣೆಯಲ್ಲಿ ಪ್ರತಿನಿಧಿಯ ಹಾಜರಿ, ಮತ್ತು ಸಂಬಳದಲ್ಲಿ ಹಂತಹಂತದ ಏರಿಕೆ. ತಜ್ಞರ ಸಮಿತಿಯ ಮಟ್ಟವನ್ನು ಸಂಬಳ ಮುಟ್ಟಲಿಲ್ಲ. ಶಿಶುಪಾಲನಾ ಕೊಠಡಿ ಕಾಗದದಲ್ಲಿ ಸಿಕ್ಕಿತು, ಅದಕ್ಕೆ ಆಯಾ ನೇಮಕವಾಗಲು ಇನ್ನೂ ಪತ್ರವ್ಯವಹಾರ ಬೇಕಾಯಿತು. ವಿಭಾಗವಾರು ಸಿಬ್ಬಂದಿಯ ಪ್ರಮಾಣವನ್ನು ಒಪ್ಪಂದದಲ್ಲಿ ಬರೆಯಲು ಆಡಳಿತ ಕೊನೆಯವರೆಗೂ ಒಪ್ಪಲಿಲ್ಲ; ನನ್ನ ಪ್ರಕಾರ ಅದು ಸಂಬಳಕ್ಕಿಂತ ದೊಡ್ಡ ಸೋಲು.

2025ರ ನವೆಂಬರ್ 21ರಂದು ಈ ಹಳೆಯ ಕಾಯ್ದೆಗಳ ಬದಲಿಗೆ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದ ಮೇಲೆ ನಾವು ಕಲಿತ ಕಲಂಗಳ ಸಂಖ್ಯೆಗಳೆಲ್ಲ ಹಳೆಯವಾದವು. 1926ರ ಕಾಯ್ದೆಯಡಿ ನೋಂದಣಿಯಾದ ಸಂಘಗಳ ನೋಂದಣಿ ಮುಂದುವರಿಯುತ್ತದೆ, ಆದರೆ ಕಾರ್ಯಕಾರಿ ಸಮಿತಿ ಹೊಸ ಸಂಹಿತೆಗೆ ಅನುಗುಣವಾಗಿದೆ ಎಂಬ ಹೇಳಿಕೆಯನ್ನೂ ಪರಿಷ್ಕೃತ ನಿಯಮಾವಳಿಯನ್ನೂ ಸಲ್ಲಿಸಬೇಕು. ಒಂದಕ್ಕಿಂತ ಹೆಚ್ಚು ಸಂಘಗಳಿರುವಲ್ಲಿ ಶೇಕಡ 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘಕ್ಕೆ ಏಕೈಕ ಸಂಧಾನ ಸಂಘದ ಸ್ಥಾನ ಸಿಗುತ್ತದೆ. ನೋಂದಣಿಯಿಂದ ಮಾನ್ಯತೆಗೆ ಇದ್ದ ಹಳೆಯ ಅಂತರಕ್ಕೆ ಕೊನೆಗೂ ಒಂದು ಸೇತುವೆ ಬಂದಿದೆ. ಮುಷ್ಕರಕ್ಕೆ 14 ದಿನಗಳ ನೋಟಿಸ್ ಈಗ ಎಲ್ಲ ಉದ್ದಿಮೆಗಳಿಗೂ ಕಡ್ಡಾಯ. ಅರ್ಧದಷ್ಟು ಅಥವಾ ಹೆಚ್ಚು ಕಾರ್ಮಿಕರು ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದನ್ನೂ ಮುಷ್ಕರವೆಂದೇ ಪರಿಗಣಿಸಲಾಗುತ್ತದೆ, ಇದು ಸಾಮೂಹಿಕ ರಜೆಯನ್ನೇ ಅಸ್ತ್ರವಾಗಿ ಬಳಸುತ್ತಿದ್ದ ಆಸ್ಪತ್ರೆಗಳ ಸಂಘಗಳಿಗೆ ಮುಖ್ಯವಾದ ಬದಲಾವಣೆ.

ನಮ್ಮನ್ನು ಹೆಚ್ಚು ಕಾಡುತ್ತಿರುವುದು ಮಾತ್ರ ಉದ್ದಿಮೆಯ ಹೊಸ ವ್ಯಾಖ್ಯೆ. ದಾನ, ಸಾಮಾಜಿಕ ಅಥವಾ ಪರೋಪಕಾರಿ ಸೇವೆಯಲ್ಲಿ ಸಂಪೂರ್ಣವಾಗಿ ಅಥವಾ ಗಣನೀಯವಾಗಿ ತೊಡಗಿರುವವರ ಒಡೆತನದ ಅಥವಾ ಅವರು ನಡೆಸುವ ಸಂಸ್ಥೆಗಳನ್ನು ಅದು ಹೊರಗಿಡುತ್ತದೆ. ನಮ್ಮ ಆಸ್ಪತ್ರೆ ಟ್ರಸ್ಟಿನದು, ಆ ವಾದ ಬಂದೇ ಬರುತ್ತದೆ. ಆದ್ದರಿಂದ ಈಗ ಸಮಿತಿಯ ಒಂದು ಗುಂಪು ಪರಿಷ್ಕೃತ ನಿಯಮಾವಳಿಯನ್ನು ಸಿದ್ಧಪಡಿಸುತ್ತಿದೆ, ಇನ್ನೊಂದು ಗುಂಪು ಆಸ್ಪತ್ರೆಯ ಶುಲ್ಕಪಟ್ಟಿಗಳನ್ನೂ ಟ್ರಸ್ಟಿನ ಪ್ರಕಟಿತ ಲೆಕ್ಕಪತ್ರಗಳನ್ನೂ ಸಂಗ್ರಹಿಸುತ್ತಿದೆ, ಮತ್ತು ನಾನು ಹೊಸದಾಗಿ ಸೇರಿದ ನರ್ಸ್‌ಗಳಿಂದ ಸದಸ್ಯತ್ವದ ಅರ್ಜಿಗಳನ್ನು ತುಂಬಿಸಿಕೊಳ್ಳುತ್ತಿದ್ದೇನೆ.